ಧ್ಯಾನಕ್ಕೆ ಕುಳಿತ ಮೈ ಎಷ್ಟು ಅಲುಗುತ್ತದೆ? ಸೆನ್ಸರ್ ಕಟ್ಟಿ ಅಳೆಯುವ ಬಗೆ

ಪ್ರಶ್ನೆ: ಬದಿಯಡ್ಕದ ಹತ್ತಿರ ಯೋಗ ತರಗತಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ಹದಿನಾಲ್ಕು ಮಂದಿ ಬರುತ್ತಾರೆ. ಕೊನೆಯ 30 ನಿಮಿಷ ಧ್ಯಾನ. ಒಬ್ಬರ ಫಿಟ್‌ನೆಸ್ ಬ್ಯಾಂಡ್ ಆ ಅರ್ಧ ಗಂಟೆಯನ್ನು ನಿದ್ದೆ ಎಂದು ಬರೆದುಕೊಳ್ಳುತ್ತದೆ. ಇನ್ನೊಬ್ಬರದು ಅದೇ ಹೊತ್ತಿನಲ್ಲಿ 40 ಹೆಜ್ಜೆ ತೋರಿಸುತ್ತದೆ. ಮೂರು ತಿಂಗಳ ಅಭ್ಯಾಸದಲ್ಲಿ ಮೈಯ ನಿಶ್ಚಲತೆ ಹೆಚ್ಚಿತೇ ಎಂದು ಅಳೆದು ನೋಡಬೇಕೆಂದಿದ್ದೇನೆ. ಯಾವ ಸಾಧನ ಬೇಕು, ಮೈಯಲ್ಲಿ ಎಲ್ಲಿ ಕಟ್ಟಬೇಕು, ಲೆಕ್ಕ ಹೇಗೆ? ಖರ್ಚು ಹೆಚ್ಚಾಗಬಾರದು. ನಮ್ಮ ತರಗತಿಗೆ ಬರುವ ಪಾಲಿಟೆಕ್ನಿಕ್ ಹುಡುಗನೊಬ್ಬ ಸೋಲ್ಡರಿಂಗ್ ಬಲ್ಲ.

ಉತ್ತರ: ನಿಮ್ಮವರ ಎರಡು ಬ್ಯಾಂಡುಗಳೂ ಕೆಟ್ಟಿಲ್ಲ. ಅವು ತಮಗೆ ಕಲಿಸಿದ್ದನ್ನೇ ಮಾಡುತ್ತಿವೆ. ಮಣಿಕಟ್ಟಿನ ಸೆನ್ಸರ್‌ನಿಂದ ನಿದ್ದೆಯನ್ನು ಗುರುತಿಸಲು ಸಂಶೋಧಕರು ಬಳಸುವ ಒಂದು ವಿಧಾನದ ಪ್ರಕಾರ, ತೋಳಿನ ಕೋನ 5 ನಿಮಿಷಗಳ ಕಾಲ 5 ಡಿಗ್ರಿಗಿಂತ ಹೆಚ್ಚು ಬದಲಾಗದಿದ್ದರೆ ಅದು ನಿದ್ದೆಯ ಲೆಕ್ಕಕ್ಕೆ ಹೋಗುತ್ತದೆ. ಬ್ಯಾಂಡುಗಳ ಒಳಗಿನ ಲೆಕ್ಕವೂ ಹೆಚ್ಚುಕಡಿಮೆ ಇದೇ ಜಾತಿಯದು, ಜೊತೆಗೆ ನಾಡಿಬಡಿತ ಸೇರಿಸಿಕೊಳ್ಳುತ್ತವೆ. ಮಂಡಿಯ ಮೇಲೆ ಕೈಯಿಟ್ಟು ಕುಳಿತವರಿಗೂ ಮಲಗಿದವರಿಗೂ ಮಣಿಕಟ್ಟಿನ ಮಟ್ಟಿಗೆ ವ್ಯತ್ಯಾಸವಿಲ್ಲ. 40 ಹೆಜ್ಜೆ ತೋರಿಸಿದವರು ಜಪಮಣಿ ಎಣಿಸುವವರೋ, ಸೊಳ್ಳೆ ಓಡಿಸಿದವರೋ ಎಂದು ಕೇಳಿ ನೋಡಿ. ಒಂದೇ ಲಯದಲ್ಲಿ ಮರುಕಳಿಸುವ ಕೈಯಾಟವನ್ನು ಬ್ಯಾಂಡ್ ಹೆಜ್ಜೆ ಎಂದುಕೊಳ್ಳುತ್ತದೆ.

ಬ್ಯಾಂಡಿನ ನಿಜವಾದ ತೊಂದರೆ ಬೇರೆ. ಅದರೊಳಗಿನ ಸೆನ್ಸರ್ ಸೆಕೆಂಡಿಗೆ ಹತ್ತಾರು ಸಲ ಅಳೆದರೂ ಆ ಮೂಲ ಅಂಕಿಗಳನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಹೆಜ್ಜೆ, ನಿದ್ದೆ, ಕ್ಯಾಲೊರಿ ಎಂದು ಬೇಯಿಸಿದ್ದನ್ನಷ್ಟೇ ಬಡಿಸುತ್ತದೆ. ನಿಮಗೆ ಬೇಕಾದದ್ದು ಅಕ್ಕಿ, ಅನ್ನವಲ್ಲ. ಆದ್ದರಿಂದ ಬ್ಯಾಂಡನ್ನು ಈ ಕೆಲಸದಿಂದ ಬಿಟ್ಟುಬಿಡಿ. ಮಣಿಕಟ್ಟನ್ನೂ ಬಿಟ್ಟುಬಿಡಿ, ಏಕೆಂದರೆ ಮಂಡಿಯ ಮೇಲಿಟ್ಟ ಕೈ ಹೇಳುವುದು ಮಂಡಿಯ ಸುದ್ದಿಯನ್ನು. ಬೆನ್ನು, ಕತ್ತಿನ ಸುದ್ದಿ ಅಲ್ಲಿಗೆ ತಲುಪುವುದೇ ಇಲ್ಲ.

ಯಾವುದನ್ನು ಅಳೆಯುತ್ತೀರಿ ಎಂಬುದನ್ನು ಸಾಧನ ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಕುಳಿತ ಮೈಯಲ್ಲಿ ಮೂರು ಬಗೆಯ ಚಲನೆ ಇದೆ. ಮೊದಲನೆಯದು ಮಿಸುಕಾಟ: ಕಾಲು ಸರಿಸುವುದು, ಭುಜ ಕೊಡಹುವುದು, ಕೆರೆದುಕೊಳ್ಳುವುದು. ಇದು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನೆಯದು ಜಾರಿಕೆ: ಬೆನ್ನು ನಿಧಾನವಾಗಿ ಗೂನಾಗುವುದು, ಗೋಣು ಮುಂದಕ್ಕೆ ಇಳಿಯುವುದು. ಇದಕ್ಕೆ ಅರ್ಧ ನಿಮಿಷದಿಂದ ಹತ್ತು ನಿಮಿಷ ಹಿಡಿದೀತು. ಕುಳಿತವರಿಗೇ ಗೊತ್ತಾಗುವುದಿಲ್ಲ. ಮೂರನೆಯದು ಜೀವದ ಚಲನೆ: ಉಸಿರು, ಎದೆಬಡಿತ, ಸ್ನಾಯುಗಳ ಸಹಜ ನಡುಕ. ಸಾಮಾನ್ಯ ಉಸಿರಾಟ ನಿಮಿಷಕ್ಕೆ 12ರಿಂದ 20, ಧ್ಯಾನದಲ್ಲಿ ಅದಕ್ಕಿಂತ ನಿಧಾನ. ಸ್ನಾಯುನಡುಕ ಸೆಕೆಂಡಿಗೆ 8ರಿಂದ 12 ಸಲ. ಮೊದಲ ಎರಡು ಕಡಿಮೆಯಾಗಬೇಕು. ಮೂರನೆಯದು ಇರಬೇಕು. ಮೂರನ್ನೂ ಕಲಸಿ ಒಂದೇ ಅಂಕಿ ಮಾಡಿದರೆ, ಉಸಿರು ಬಿಗಿಹಿಡಿದು ದವಡೆ ಕಚ್ಚಿ ಕುಳಿತವರಿಗೆ ಅತಿ ಒಳ್ಳೆಯ ಅಂಕ ಬರುತ್ತದೆ, ಸಡಿಲವಾಗಿ ತುಂಬು ಉಸಿರಾಡುವವರಿಗೆ ಕಡಿಮೆ ಬರುತ್ತದೆ. ನೀವು ಕಲಿಸುವುದಕ್ಕೆ ಇದು ನೇರ ವಿರುದ್ಧ.

ಕೆಲಸ ಮಾಡುವ ಸೆನ್ಸರ್‌ನ ಹೆಸರು ಎಕ್ಸೆಲೆರೋಮೀಟರ್. ಅದು ಅಲುಗಾಟವನ್ನಷ್ಟೇ ಅಲ್ಲ, ಭೂಮಿಯ ಸೆಳೆತವನ್ನೂ ಅಳೆಯುತ್ತದೆ. ಮೇಜಿನ ಮೇಲೆ ಸುಮ್ಮನಿಟ್ಟರೂ 1 ಜಿ, ಅಂದರೆ ಭೂಮಿಯ ಸೆಳೆತದಷ್ಟು, ತೋರಿಸುತ್ತದೆ. ಇದು ಹೊರೆಯಲ್ಲ, ವರ. ಸೆನ್ಸರ್ ವಾಲಿದಾಗ ಆ 1 ಜಿ ಮೂರು ಅಕ್ಷಗಳಲ್ಲಿ (ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ) ಬೇರೆ ಪಾಲಾಗಿ ಹಂಚಿಹೋಗುತ್ತದೆ, ಆ ಹಂಚಿಕೆಯಿಂದ ಕೋನ ಸಿಗುತ್ತದೆ. ನೆಲಕ್ಕೆ ಸಮಾನಾಂತರವಾದ ಅಕ್ಷದಲ್ಲಿ 1 ಡಿಗ್ರಿ ವಾಲಿದರೆ ಸುಮಾರು 17.5 ಮಿಲಿ-ಜಿ ಬದಲಾವಣೆ. ಮಿಲಿ-ಜಿ ಎಂದರೆ ಜಿಯ ಸಾವಿರದ ಒಂದು ಭಾಗ. ಮುಂದೆಲ್ಲ ಇದೇ ಅಳತೆ.

ಆರೋಗ್ಯ ಸಂಶೋಧನೆಯಲ್ಲಿ ಮೂರು ಅಕ್ಷಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು, ಅದರಿಂದ 1 ಕಳೆದು ಉಳಿದದ್ದನ್ನು ಚಲನೆ ಎನ್ನುವ ರೂಢಿ ಇದೆ. ನಡಿಗೆ, ಓಟಕ್ಕೆ ಅದು ಸರಿ. ಧ್ಯಾನಕ್ಕೆ ಅದನ್ನು ತರಬೇಡಿ. ಸೆನ್ಸರ್ ನಿಧಾನವಾಗಿ ಎಷ್ಟೇ ವಾಲಲಿ, ಒಟ್ಟು ಮೊತ್ತ 1 ಜಿಯಾಗಿಯೇ ಉಳಿಯುತ್ತದೆ. ಗೋಣು 20 ಡಿಗ್ರಿ ಇಳಿದು ತೂಕಡಿಸುತ್ತಿರುವವರು ಆ ಲೆಕ್ಕದಲ್ಲಿ ಶಿಲೆಯಂತೆ ಕುಳಿತಿದ್ದಾರೆ ಎಂದು ಬರುತ್ತದೆ. ಮೂರು ಅಕ್ಷಗಳನ್ನು ಕೊನೆಯವರೆಗೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ಮೊದಲ ವಾರ ಏನೂ ಕೊಳ್ಳಬೇಡಿ. ಫೋನ್ ಸಾಕು. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಸೆನ್ಸರ್ ಅಂಕಿಗಳನ್ನು ಕಚ್ಚಾ ರೂಪದಲ್ಲೇ ಕೊಡುತ್ತದೆ. ಅದರಲ್ಲಿ 'ಜಿ ಸಹಿತ' ಎಂಬರ್ಥದ ವೇಗೋತ್ಕರ್ಷದ ಪ್ರಯೋಗವನ್ನೇ ಆರಿಸಿ. 'ಜಿ ರಹಿತ'ವನ್ನು ಆರಿಸಿದರೆ ವಾಲುವಿಕೆ ಕೈತಪ್ಪುತ್ತದೆ. ಫೋನನ್ನು ಬೈರಾಸಿನಲ್ಲಿ ಸುತ್ತಿ ಕಟ್ಟಬೇಡಿ, ಬಟ್ಟೆಯೊಳಗೆ ಜಾರುತ್ತದೆ. ಅಗಲವಾದ ಎಲಾಸ್ಟಿಕ್ ಬೆಲ್ಟಿನಿಂದ ಸೊಂಟದ ಹಿಂದೆ, ಬಾಲಮೂಳೆಯ ಮೇಲಿನ ಚಪ್ಪಟೆ ಜಾಗಕ್ಕೆ ಒತ್ತಿ ಕಟ್ಟಿ. ಏರೋಪ್ಲೇನ್ ಮೋಡ್ ಹಾಕಿ, ವೈಬ್ರೇಷನ್ ಪೂರ್ತಿ ತೆಗೆಯಿರಿ, ಇಲ್ಲವಾದರೆ ಅಲಾರಾಂ ಗುನುಗಿದ್ದೂ ಮೈಯ ಮಿಸುಕಾಟವಾಗಿ ದಾಖಲಾಗುತ್ತದೆ. ಪರದೆ ಆರಿದರೆ ಹಲವು ಫೋನುಗಳಲ್ಲಿ ದಾಖಲೆ ನಿಂತುಬಿಡುತ್ತದೆ. 5 ನಿಮಿಷ ಪರೀಕ್ಷಿಸಿ ನೋಡಿಯೇ ಅರ್ಧ ಗಂಟೆಗೆ ಇಳಿಯಿರಿ. ಅಂಕಿ ಮೀಟರ್ ಪ್ರತಿ ಸೆಕೆಂಡ್ ವರ್ಗದ ಮಾನದಲ್ಲಿ ಬರುತ್ತದೆ, 9.81ರಿಂದ ಭಾಗಿಸಿದರೆ ಜಿ ಆಗುತ್ತದೆ. ಸುಮಾರು 200 ಗ್ರಾಂ ತೂಗುವ ಫೋನನ್ನು ತಲೆಗೆ ಕಟ್ಟಲಾಗದು, ಇದು ಸೊಂಟದ ಮಟ್ಟಿಗಿನ ಪರೀಕ್ಷೆ. ಆದರೂ ನಿಮ್ಮ ಜನರ ಮಿಸುಕಾಟ ಎಷ್ಟರ ಮಟ್ಟಿನದು ಎಂಬ ಅಂದಾಜು ಇದರಿಂದಲೇ ಸಿಕ್ಕೀತು.

ಇನ್ನು ಸ್ವಂತ ಸಾಧನ. ಕಾಯ, ಶಿರ, ಗ್ರೀವ ಮೂರೂ ಒಂದೇ ನೇರದಲ್ಲಿರಲಿ ಎಂದು ನೀವೇ ಹೇಳಿಕೊಡುತ್ತೀರಿ. ಸೆನ್ಸರ್ ಕಟ್ಟುವ ಜಾಗವೂ ಅದರಿಂದಲೇ ತೀರ್ಮಾನವಾಗುತ್ತದೆ: ಒಂದು ತಲೆಗೆ, ಒಂದು ಎದೆಮೂಳೆಗೆ. ಎರಡರ ಕೋನದ ವ್ಯತ್ಯಾಸವೇ ಕತ್ತಿನ ಸ್ಥಿತಿ. ಎಂಪಿಯು-6050 ಚಿಪ್ ಇರುವ ಜಿವೈ-521 ಬೋರ್ಡ್ ಎರಡು, ಒಂದು ಇಎಸ್‌ಪಿ32 ಬೋರ್ಡ್ (ಸೆನ್ಸರಿನ ಅಂಕಿ ಓದಿಕೊಳ್ಳುವ ಪುಟ್ಟ ಕಂಪ್ಯೂಟರ್), ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ಒಂದು ಲಿಥಿಯಂ ಪಾಲಿಮರ್ ಬ್ಯಾಟರಿ. ಎಲ್ಲ ಸೇರಿ ಒಬ್ಬರ ಜೋಡಣೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆದೀತು. ಹದಿನಾಲ್ಕು ಮಾಡಿಸಬೇಡಿ. ಮೂರು ಮಾಡಿಸಿ, ಸರದಿಯಲ್ಲಿ ಕಟ್ಟಿಸಿ.

ಎರಡು ಸೆನ್ಸರ್‌ಗಳಿಗೂ ಸೇರಿ ನಾಲ್ಕೇ ತಂತಿ ಸಾಕು. ಕಾರ್ಖಾನೆಯಿಂದ ಬರುವಾಗ ಎರಡರ ವಿಳಾಸವೂ, ಅಂದರೆ ಬೋರ್ಡ್ ಅವನ್ನು ಕರೆಯುವ ಸಂಖ್ಯೆ, ಹೆಕ್ಸ್ (ಹದಿನಾರರ ಲೆಕ್ಕದ) 68. ಒಂದರ 'ಎಡಿ0' ಪಿನ್ನನ್ನು 3.3 ವೋಲ್ಟಿಗೆ ಸೇರಿಸಿದರೆ ಅದರ ವಿಳಾಸ 69 ಆಗುತ್ತದೆ. ಇದನ್ನು ಮರೆತರೆ ಎರಡೂ ಒಟ್ಟಿಗೆ ಉತ್ತರಿಸಿ ಅಂಕಿ ಕಲಸಿಹೋಗುತ್ತದೆ. ತಂತಿ 60 ಸೆಂಟಿಮೀಟರ್ ಮೀರದಿರಲಿ, ಬಳುಕುವ ಸಣ್ಣ ಎಳೆಗಳದ್ದಾಗಿರಲಿ. ಗಡುಸು ತಂತಿಯಾದರೆ ಉಸಿರಿನೊಡನೆ ಎದೆ ಉಬ್ಬಿದಾಗ ತಲೆಯ ಸೆನ್ಸರನ್ನೇ ಎಳೆಯುತ್ತದೆ. ಕತ್ತಿನ ಹಿಂದೆ ಒಂದು ಸಡಿಲ ಸುತ್ತು ಬಿಟ್ಟು ಬಟ್ಟೆಗೆ ಪಿನ್ ಹಾಕಿ. ಈ ತಂತಿಗಳಲ್ಲಿ ಅಂಕಿ ಸಾಗುವ ವೇಗ 100 ಕಿಲೋಹರ್ಟ್ಸ್ ಸಾಕು.

ಚಿಪ್ಪಿಗೆ ಕೊಡಬೇಕಾದ ಸೆಟ್ಟಿಂಗುಗಳನ್ನು ಹುಡುಗನಿಗೆ ಹೀಗೆ ಹೇಳಿ. 6ಬಿ ರಿಜಿಸ್ಟರಿಗೆ (ರಿಜಿಸ್ಟರ್ ಎಂದರೆ ಚಿಪ್ಪಿನೊಳಗೆ ಸೆಟ್ಟಿಂಗ್ ಬರೆಯುವ ಜಾಗ) 01 ಬರೆದು ಎಚ್ಚರಿಸಬೇಕು. 00 ಬರೆದರೂ ಏಳುತ್ತದೆ, ಆದರೆ ಆಗ ಒಳಗಿನ ಸಡಿಲ ಗಡಿಯಾರದಲ್ಲಿ ಓಡುತ್ತದೆ. 1ಸಿ ರಿಜಿಸ್ಟರಿಗೆ 00, ಅಂದರೆ ಪ್ಲಸ್-ಮೈನಸ್ 2 ಜಿ ವ್ಯಾಪ್ತಿ. ಆಗ 1 ಜಿ ಎಂದರೆ 16384. 1ಎ ರಿಜಿಸ್ಟರಿಗೆ 05, ಅದು 10 ಹರ್ಟ್ಸ್, ಅಂದರೆ ಸೆಕೆಂಡಿಗೆ 10 ಸಲ, ಮೀರಿದ್ದನ್ನು ಸೋಸುತ್ತದೆ. 19 ಎಂಬ ಹೆಕ್ಸ್ ರಿಜಿಸ್ಟರಿಗೆ ದಶಮಾನದ 19, ಆಗ ಸೆಕೆಂಡಿಗೆ 50 ಅಳತೆ. ಎರಡು 19ಗಳನ್ನು ಬೆರೆಸಿಕೊಳ್ಳುವುದು ಬಹಳ ಸಾಮಾನ್ಯ. ಒಂದು ಉದಾಹರಣೆ: ಮುಂದಿನ ಅಕ್ಷದಲ್ಲಿ 573 ಬಂದರೆ 573 ಭಾಗಿಸು 16384, ಅಂದರೆ 0.035 ಜಿ, ಅಂದರೆ 2 ಡಿಗ್ರಿ ವಾಲು.

ವೈಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡಿ ಕಾರ್ಡಿಗೇ ಬರೆಸಿ. ಒಂದು ತೊಡಕು: ಎಸ್‌ಡಿ ಕಾರ್ಡ್ ಬರೆಯುವಾಗ ಒಮ್ಮೊಮ್ಮೆ ಕಾಲು ಸೆಕೆಂಡು ಕೈಕಟ್ಟಿ ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ 12 ಅಳತೆ ಕಳೆದುಹೋಗುತ್ತದೆ. ಅದಕ್ಕೆ ಚಿಪ್ಪಿನೊಳಗೇ 1024 ಬೈಟಿನ ಸಾಲು-ಸಂಗ್ರಹ ಇದೆ, ಫೈಫೋ ಎನ್ನುತ್ತಾರೆ. ಎಕ್ಸೆಲೆರೋಮೀಟರ್ ಮಾತ್ರ ಹಾಕಿದರೆ 170 ಅಳತೆ, ಅಂದರೆ 3.4 ಸೆಕೆಂಡಿನಷ್ಟು ಹಿಡಿಯುತ್ತದೆ. ಅದೇ ಚಿಪ್ಪಿನಲ್ಲಿರುವ, ತಿರುಗುವ ವೇಗ ಅಳೆಯುವ ಜೈರೋಸ್ಕೋಪನ್ನೂ ಸೇರಿಸಿದರೆ 1.7 ಸೆಕೆಂಡು. ಅರ್ಧ ಸೆಕೆಂಡಿಗೊಮ್ಮೆ ಅದನ್ನು ಖಾಲಿ ಮಾಡಿಸುತ್ತಿದ್ದರೆ ಸಾಕು. 30 ನಿಮಿಷಕ್ಕೆ ಒಂದು ಸೆನ್ಸರಿನಿಂದ 90,000 ಸಾಲು ಬರಬೇಕು. 84,000 ಬಂದಿದ್ದರೆ ಎಲ್ಲೋ ಸೋರುತ್ತಿದೆ, ಆ ದಿನದ ಲೆಕ್ಕ ಬಿಡಿ.

ವಿದ್ಯುತ್ತಿನ ವಿಚಾರದಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಸಾಮಾನ್ಯ ಇಎಸ್‌ಪಿ32 ಬೋರ್ಡಿನ ರೆಗ್ಯುಲೇಟರ್ (ವೋಲ್ಟೇಜ್ ಹದಕ್ಕೆ ತರುವ ಭಾಗ) ತಾನೇ ಒಂದು ವೋಲ್ಟಿಗೂ ಹೆಚ್ಚು ತಿನ್ನುತ್ತದೆ. 3.7 ವೋಲ್ಟಿನ ಬ್ಯಾಟರಿಯನ್ನು 5 ವೋಲ್ಟಿನ ಪಿನ್ನಿಗೆ ಕೊಟ್ಟರೆ ಚಿಪ್ಪಿಗೆ ತಲುಪುವುದು 2.6ರ ಹತ್ತಿರ, ಕಾರ್ಡಿಗೆ ಬರೆಯುವ ಕ್ಷಣದಲ್ಲಿ ಎಲ್ಲ ಮರುಚಾಲೂ ಆಗುತ್ತದೆ. ಬ್ಯಾಟರಿ ಜ್ಯಾಕ್ ಇರುವ ಬೋರ್ಡನ್ನೇ ಕೊಂಡರೆ ಈ ತಲೆನೋವಿಲ್ಲ. ಪವರ್ ಬ್ಯಾಂಕ್ ಕಟ್ಟೋಣ ಎಂದರೆ, ಇಷ್ಟು ಕಡಿಮೆ ಕರೆಂಟು ಎಳೆದಾಗ ಹಲವು ಪವರ್ ಬ್ಯಾಂಕುಗಳು ಚಾರ್ಜಿಂಗ್ ಮುಗಿಯಿತೆಂದುಕೊಂಡು ತಾವೇ ಆರಿಹೋಗುತ್ತವೆ, ಅದೂ ಧ್ಯಾನದ ನಡುವೆ. ಮೂರನೆಯದು ಟಿಪಿ4056 ಚಾರ್ಜರ್. ಅದರ ಮೇಲೆ ಬರುವ 1.2 ಕಿಲೋ-ಓಮ್ ರೆಸಿಸ್ಟರ್ 1 ಆಂಪಿಯರ್ ಹರಿಸುತ್ತದೆ. 500 ಮಿಲಿಆಂಪಿಯರ್-ಅವರ್ ಬ್ಯಾಟರಿಗೆ ಅದು ಅತಿ. ಅದನ್ನು ಕಿತ್ತು 5 ಕಿಲೋ-ಓಮ್ ಹಾಕಿದರೆ 250 ಮಿಲಿಆಂಪಿಯರ್ ಆಗುತ್ತದೆ. ಇದನ್ನು ಮಾತ್ರ ನಾಳೆಗೆ ಮುಂದೂಡಬೇಡಿ. ಮೈಗೆ ಕಟ್ಟುವ ಬ್ಯಾಟರಿ ಇದು. ಕಟ್ಟಿಕೊಂಡಿರುವಾಗ ಚಾರ್ಜಿಂಗ್ ವಯರನ್ನು ಯಾವ ಕಾರಣಕ್ಕೂ ಚುಚ್ಚಬಾರದು.

ಸೋಲ್ಡರಿಂಗ್ ಬೇಡ ಎಂದಾದರೆ ಪೋಲಾರ್ ಎಚ್10 ಎಂಬ ಎದೆಪಟ್ಟಿ ಇದೆ. ಹೃದಯದ ಇಸಿಜಿಯನ್ನು ಸೆಕೆಂಡಿಗೆ 130 ಸಲ, ಚಲನೆಯನ್ನು 25ರಿಂದ 200 ಸಲ ಕೊಡುತ್ತದೆ. ಆದರೆ ಬೆಲೆ ಹೆಚ್ಚು, ತಲೆಯ ಸುದ್ದಿ ಇಲ್ಲ. ನಿಮ್ಮ ಪ್ರಶ್ನೆಗೆ ತಲೆಯ ಸೆನ್ಸರ್ ಇಲ್ಲದೆ ಅರ್ಧವೇ ಉತ್ತರ.

ಈಗ ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ದಾಟಿಹೋಗುವ ಕೆಲಸ. ಸೆನ್ಸರನ್ನು ಮೈಗೆ ಕಟ್ಟುವ ಮೊದಲು ನೆಲದ ಮೇಲೆ ಹತ್ತು ನಿಮಿಷ ಇಟ್ಟು ದಾಖಲಿಸಿ. ಸುಮ್ಮನಿರುವ ಸೆನ್ಸರಿಗೂ ತನ್ನದೇ ಗುಜುಗುಜು ಇದೆ. ಎಂಪಿಯು-6050ರಲ್ಲಿ ಮೇಲೆ ಹೇಳಿದ ಸೋಸುವಿಕೆಯ ನಂತರ ಅದು ಪ್ರತಿ ಅಕ್ಷಕ್ಕೆ ಸುಮಾರು ಒಂದೂವರೆ ಮಿಲಿ-ಜಿ. ನಿಮ್ಮ ನೆಲದ ದಾಖಲೆ 5 ಮಿಲಿ-ಜಿ ತೋರಿಸಿದರೆ ಚಿಪ್ ನಕಲಿಯೋ, ತಂತಿ ಸಡಿಲವೋ, ಅಥವಾ ನೆಲವೇ ಅಲುಗುತ್ತಿದೆಯೋ ನೋಡಬೇಕು. ಹಳೆಯ ಮನೆಯ ಮರದ ಉಪ್ಪರಿಗೆಯಾದರೆ ಯಾರೋ ಮೆಟ್ಟಿಲು ಹತ್ತಿದ್ದೂ ಬರುತ್ತದೆ. ಕುಂಬಳೆ, ಮಂಜೇಶ್ವರದ ಕಡೆ ರೈಲುಹಳಿ ಅಥವಾ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಕಟ್ಟಡವಾದರಂತೂ ಹೇಳುವುದೇ ಬೇಡ. ಆದ್ದರಿಂದ ತರಗತಿ ನಡೆಯುವಾಗಲೂ, ಮೈಗೆ ಕಟ್ಟುವ ಮೂರು ಸಾಧನಗಳಲ್ಲದೆ, ಬೇರೆ ಒಂದು ಸೆನ್ಸರ್ ನೆಲದ ಮೇಲೆ ಕಾವಲಿಗಿರಲಿ. ಅದರಲ್ಲೂ ಮೈಯಲ್ಲೂ ಒಂದೇ ಕ್ಷಣಕ್ಕೆ ಏರು ಕಂಡರೆ ಅದನ್ನು ಯಾರ ಲೆಕ್ಕಕ್ಕೂ ಹಾಕಬೇಡಿ. ಇದಕ್ಕಿಂತ ಶಾಂತವಾದ ಸೆನ್ಸರ್ ಬೇಕಾದರೆ ಎಡಿಎಕ್ಸ್‌ಎಲ್355 ಇದೆ, ಅದರ ಗುಜುಗುಜು ಇದರ ಹದಿನೈದನೇ ಒಂದು ಭಾಗಕ್ಕಿಂತಲೂ ಕಡಿಮೆ. ಎದೆಬಡಿತದ ಸೂಕ್ಷ್ಮ ಅದುರಿಕೆಯನ್ನು ಓದುವವರಿಗೆ ಅದು ಬೇಕು. ಮಿಸುಕಾಟ ಎಣಿಸಲು ಬೇಡ.

ಸೊನ್ನೆಯ ದೋಷವೂ ಇದೆ. ಈ ಚಿಪ್ಪಿನಲ್ಲಿ ಕಾರ್ಖಾನೆಯಿಂದಲೇ 50 ಮಿಲಿ-ಜಿವರೆಗೆ, ಒಂದು ಅಕ್ಷದಲ್ಲಿ 80ರವರೆಗೆ ತಪ್ಪಿರಬಹುದು. 50 ಮಿಲಿ-ಜಿ ಎಂದರೆ ಸುಮಾರು 3 ಡಿಗ್ರಿ. ಬೋರ್ಡನ್ನು ಮೂಲೆ ನೇರವಿರುವ ಪೆಟ್ಟಿಗೆಗೆ ಅಂಟಿಸಿ, ಆರೂ ಮುಖಗಳ ಮೇಲೆ ಅರ್ಧರ್ಧ ನಿಮಿಷ ಇಡಿ. ಪ್ರತಿ ಅಕ್ಷದ ಮೇಲ್ಮುಖ ಮತ್ತು ಕೆಳಮುಖ ಅಂಕಿಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ದೋಷ ಸಿಗುತ್ತದೆ, ಅದನ್ನು ಕಳೆಯುತ್ತ ಹೋಗುವುದು. ಚಿಪ್ ಬೆಚ್ಚಗಾದಂತೆ ಈ ದೋಷ ಸ್ವಲ್ಪ ಸರಿಯುತ್ತದೆ. ಮೈಶಾಖಕ್ಕೆ ಏಳು ಡಿಗ್ರಿ ಕಾದರೆ ಮೂರುನಾಲ್ಕು ಮಿಲಿ-ಜಿ. ಪ್ರಾಣಾಯಾಮಕ್ಕೆ ಕೂರುವಾಗಲೇ ಕಟ್ಟಿಸಿಬಿಟ್ಟರೆ ಧ್ಯಾನ ತೊಡಗುವ ಹೊತ್ತಿಗೆ ಅದು ನೆಲೆಗೊಂಡಿರುತ್ತದೆ.

ಕಟ್ಟುವುದು ಅಂಗಿಯ ಮೇಲಲ್ಲ, ಒಳಗೆ. ನಮ್ಮ ಕಡೆಯ ಸೆಖೆಗೆ ಚರ್ಮದ ಟೇಪು ಹತ್ತು ನಿಮಿಷವೂ ನಿಲ್ಲುವುದಿಲ್ಲ. ಮಾರ್ಚ್ ದಾಟಿದ ಮೇಲಂತೂ ಬೆವರಿಗೆ ಮೂಲೆ ಎದ್ದು, ಸೆನ್ಸರ್ ಅಂಗುಲದಷ್ಟು ಜಾರಿ, ಬೆನ್ನು ಬಗ್ಗಿದಂತೆ ಕಾಣಿಸುತ್ತದೆ. ನಾಲ್ಕು ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಪಟ್ಟಿ ಒಳ್ಳೆಯದು. ಎದೆಪಟ್ಟಿಯನ್ನು ಅವರವರೇ ಒಳಗೆ ಕಟ್ಟಿಕೊಳ್ಳಬಹುದು, ಇನ್ನೊಬ್ಬರು ಮುಟ್ಟಬೇಕಾಗಿಲ್ಲ. ಹೆಂಗಸರಿಗೆ ಇದರಿಂದ ಮುಜುಗರವಿಲ್ಲ. ತಲೆಪಟ್ಟಿ ಹಣೆಯ ನಡುವಿಗೆ ಬರಲಿ, ಹುಬ್ಬಿನ ಮೇಲೆ ಬೇಡ, ಹುಬ್ಬು ಗಂಟಿಕ್ಕಿದ್ದೂ ಲೆಕ್ಕಕ್ಕೆ ಬಂದೀತು. ಬೋರ್ಡನ್ನು ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಶ್ರಿಂಕ್ ಟ್ಯೂಬಿನಲ್ಲಿ ಮುಚ್ಚಿ. ಮಳೆಗಾಲದ ತೇವಕ್ಕೆ ಪಿನ್ನುಗಳು ಹಸಿರುಗಟ್ಟುತ್ತವೆ, ಬಳಸದ ದಿನ ಅಕ್ಕಿಡಬ್ಬಿಗಿಂತ ಸಿಲಿಕಾ ಪೊಟ್ಟಣವಿರುವ ಗಾಳಿಯಾಡದ ಡಬ್ಬಿ ಮೇಲು. ಎಲ್ಲ ಸಾಧನಗಳ ವೇಳೆ ಹೊಂದಿಸಲು ಗಂಟೆ ಬಾರಿಸಿದರೆ ಸೆನ್ಸರಿಗೆ ಕೇಳದು. ಕಟ್ಟುವ ಮೊದಲು ಎಲ್ಲವನ್ನೂ ಒಂದೇ ಮಣೆಯ ಮೇಲಿಟ್ಟು ಮಣೆಯನ್ನು ಮೂರು ಸಲ ಗಟ್ಟಿಯಾಗಿ ಕುಟ್ಟಿ, ಆ ಮೂರು ಮೊನೆಗಳೇ ಮುಂದೆ ಗುರುತು.

ಲೆಕ್ಕಕ್ಕೆ ಬರೋಣ. ಲಿಬ್ರೆಆಫೀಸ್ ಲೆಕ್ಕದ ಶೀಟಿನಲ್ಲೂ ಆಗುತ್ತದೆ, ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಹತ್ತಿಪ್ಪತ್ತು ಸಾಲಿನ ಕೆಲಸ. ಮೊದಲ 3 ನಿಮಿಷ ಮತ್ತು ಕೊನೆಯ 1 ನಿಮಿಷ ಬಿಟ್ಟುಬಿಡಿ. ಮಿಸುಕಾಟಕ್ಕೆ: ಪ್ರತಿ ಅಳತೆಯಿಂದ ಅದರ ಸುತ್ತಲಿನ 2 ಸೆಕೆಂಡಿನ ಸರಾಸರಿಯನ್ನು ಕಳೆಯಿರಿ. ಇದರಿಂದ ಭೂಮಿಯ ಸೆಳೆತವೂ, ನಿಧಾನದ ಉಸಿರಿನ ಬಹುಭಾಗವೂ ಹೋಗುತ್ತದೆ. ಉಳಿದದ್ದರಲ್ಲಿ ಒಂದೊಂದು ಸೆಕೆಂಡಿಗೆ ಮೂರೂ ಅಕ್ಷಗಳ ವರ್ಗ-ಸರಾಸರಿ ಕೂಡಿಸಿ ವರ್ಗಮೂಲ ತೆಗೆದರೆ ಆ ಸೆಕೆಂಡಿನ ಮಿಸುಕು-ಅಂಕಿ. ಮಿತಿಯನ್ನು ಹೀಗೆ ಇಡಿ: ಆ ವ್ಯಕ್ತಿಯ ಮೊದಲ ವಾರಗಳ ದಾಖಲೆಯಲ್ಲಿ ಅತಿ ಶಾಂತವಾದ 5 ನಿಮಿಷದ ಮಿಸುಕು-ಅಂಕಿಗಳ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆದು ನಾಲ್ಕರಿಂದ ಗುಣಿಸಿ. ಅದನ್ನು ದಾಟಿದ ಸೆಕೆಂಡುಗಳು ಮಿಸುಕಾಟ. ನಡುವೆ 2 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಎರಡನ್ನು ಒಂದೇ ಎಂದು ಎಣಿಸಿ. ಕಾಲು ಸರಿಸುವುದು ಯಾವಾಗಲೂ ಎರಡು ಮೂರು ಎಳೆತದಲ್ಲಿ ಆಗುತ್ತದೆ.

ಈ ಮಿತಿಯನ್ನು ಮೂರು ತಿಂಗಳೂ ಬದಲಿಸಬಾರದು. ದಿನದಿನದ ಶಾಂತ ಭಾಗದಿಂದ ದಿನದಿನ ಹೊಸ ಮಿತಿ ತೆಗೆದರೆ, ವ್ಯಕ್ತಿ ಶಾಂತರಾದಂತೆ ಮಿತಿಯೂ ಕೆಳಗಿಳಿದು, ಮೂರು ತಿಂಗಳಾದರೂ ಮಿಸುಕಾಟದ ಸಂಖ್ಯೆ ಅಷ್ಟೇ ಇರುತ್ತದೆ. ಅಭ್ಯಾಸದಿಂದ ಫಲವಾಗಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಇದೊಂದೇ ಸಾಕು.

ಜಾರಿಕೆಗೆ: ಮೂರು ಅಕ್ಷಗಳಿಗೂ 30 ಸೆಕೆಂಡಿನ ಸರಾಸರಿ ತೆಗೆಯಿರಿ. ಅಷ್ಟರಲ್ಲಿ ಕೆಲವು ಉಸಿರುಗಳು ಹಾದುಹೋಗಿ ಉಬ್ಬಿಳಿತ ಸಮವಾಗುತ್ತದೆ. 3ರಿಂದ 5ನೇ ನಿಮಿಷದ ಸರಾಸರಿಯನ್ನು ಆ ದಿನದ ಆರಂಭದ ಭಂಗಿ ಎಂದಿಟ್ಟುಕೊಂಡು, ಅದಕ್ಕೂ ಪ್ರತಿ 30 ಸೆಕೆಂಡಿಗೂ ನಡುವಿನ ಕೋನ ಲೆಕ್ಕಹಾಕಿ. ಜೈರೋಸ್ಕೋಪನ್ನು ಇದಕ್ಕೆ ಬಳಸಬೇಡಿ. ಅದು ತಿರುಗುವ ವೇಗವನ್ನು ಹೇಳುತ್ತದೆ, ಕೋನ ಬೇಕಾದರೆ ಕೂಡಿಸುತ್ತ ಹೋಗಬೇಕು. ಸೆಕೆಂಡಿಗೆ 0.05 ಡಿಗ್ರಿಯ ಸಣ್ಣ ತಪ್ಪು ಅರ್ಧ ಗಂಟೆಯಲ್ಲಿ 90 ಡಿಗ್ರಿ ಆಗುತ್ತದೆ. ಅದರ ಉಪಯೋಗ ಬೇರೆ: ಬಾಗಿಲಿನ ಸದ್ದಿಗೆ ತಲೆ ಪಕ್ಕಕ್ಕೆ ತಿರುಗಿದ್ದು. ಭೂಮಿಯ ಸೆಳೆತಕ್ಕೆ ಸುತ್ತಲೂ ತಿರುಗುವುದು ಕಾಣದು, ಎಕ್ಸೆಲೆರೋಮೀಟರ್ ಅಲ್ಲಿ ಕುರುಡು. ತಲೆಯ ಜೈರೋ ವೇಗ ಸೆಕೆಂಡಿಗೆ 5 ಡಿಗ್ರಿ ದಾಟಿದ್ದನ್ನಷ್ಟೇ ಎಣಿಸಿದರೆ ಸಾಕು.

ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬಿಡಿಸಿದಾಗ ಏನು ಕಾಣುತ್ತದೆ ಎಂಬುದಕ್ಕೆ ತೂಕಡಿಕೆಯ ಒಂದು ಮಾದರಿ ನೋಡಿ. ಹದಿನೆಂಟನೇ ನಿಮಿಷದವರೆಗೆ ತಲೆಯ ಕೋನ 3-4 ಡಿಗ್ರಿಯಲ್ಲೇ ಇದೆ. ಅಲ್ಲಿಂದ ಮುಕ್ಕಾಲು ನಿಮಿಷದಲ್ಲಿ ಒಂದೇ ಸಮ 12ಕ್ಕೆ ಇಳಿಯುತ್ತದೆ. ಎದೆಯ ಕೋನ ಕದಲುವುದಿಲ್ಲ. ಮಿಸುಕು-ಅಂಕಿ ಆ ಅಷ್ಟೂ ಹೊತ್ತು ತಳದಲ್ಲೇ ಮಲಗಿರುತ್ತದೆ, ಇಡೀ ದಾಖಲೆಯಲ್ಲೇ ಅತಿ ಶಾಂತ ಭಾಗ ಅದು. ಆಮೇಲೆ ಅರ್ಧ ಸೆಕೆಂಡಿನಲ್ಲಿ ತಲೆ ಹಿಂದಕ್ಕೆ ಚಿಮ್ಮಿ 4 ಡಿಗ್ರಿಗೆ ಬರುತ್ತದೆ, ಮಿಸುಕು-ಅಂಕಿ ನೂರು ಮಿಲಿ-ಜಿ ದಾಟುತ್ತದೆ. ನಿಧಾನದ ಇಳಿತ, ಹಠಾತ್ ಏರು: ಗರಗಸದ ಹಲ್ಲಿನ ಆಕಾರ. ಮಿಸುಕಾಟವೊಂದನ್ನೇ ಎಣಿಸುವವರು ಇದನ್ನು 'ಒಂದು ಅಲುಗಾಟ' ಎಂದು ಬರೆದು ಮುಂದೆ ಹೋಗುತ್ತಾರೆ. ಒಂದು ಕೂಟದಲ್ಲಿ ಇಂತಹ ಹಲ್ಲು ಮೂರು ಕಂಡರೆ ಅವರಿಗೆ ರಾತ್ರಿ ನಿದ್ದೆ ಸಾಲುತ್ತಿದೆಯೇ ಎಂದು ಕೇಳಿ ನೋಡಿ. ತಲೆ ಇಳಿಯದೆ ಕುಳಿತೇ ನಿದ್ದೆ ಹೋದವರನ್ನು ಈ ಸೆನ್ಸರ್ ಹಿಡಿಯಲಾರದು, ಅದಕ್ಕೆ ಮೆದುಳಿನ ಇಇಜಿಯೇ ಬೇಕು. ಧ್ಯಾನ ಮುಗಿದೊಡನೆ 'ಜೋಂಪು ಹತ್ತಿತೇ' ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ನಿಮ್ಮ ಕೈಯಲ್ಲಿರುವ ದಾರಿ.

ಎದೆಯ ಸೆನ್ಸರಿನಿಂದ ಇನ್ನೊಂದು ಎಚ್ಚರಿಕೆ ಸಿಗುತ್ತದೆ. ಅದರ ಮುಂದಿನ ಅಕ್ಷವನ್ನು 1 ಸೆಕೆಂಡಿನ ಸರಾಸರಿಯಲ್ಲಿ ಬಿಡಿಸಿದರೆ ಉಸಿರು ಅಲೆಯಾಗಿ ಕಾಣುತ್ತದೆ. ಮಿಸುಕಾಟ ಕಡಿಮೆಯಾಗುತ್ತ ಹೋಗಿ, ಅಲೆಯೂ ಚಪ್ಪಟೆಯಾಗುತ್ತ ಹೋದರೆ ಸಂಶಯಪಡಿ. ಒಂದೋ ಪಟ್ಟಿ ಸಡಿಲವಾಗಿದೆ, ಇಲ್ಲವೇ ಅವರು ಅಲುಗಬಾರದೆಂದು ಎದೆ ಬಿಗಿಹಿಡಿದು ಮೇಲ್ಮೇಲೆ ಉಸಿರಾಡುತ್ತಿದ್ದಾರೆ. ಹೊಟ್ಟೆಯುಸಿರು ಚೆನ್ನಾಗಿ ರೂಢಿಯಾದವರಲ್ಲೂ ಎದೆಯ ಅಲೆ ಚಿಕ್ಕದಾಗಬಹುದು, ಆದ್ದರಿಂದ ಅಂಕಿಯ ಮೇಲೆ ತೀರ್ಪು ಕೊಡದೆ ಎದುರು ಕುಳಿತು ಭುಜ ನೋಡಿ.

ಮೂರು ತಿಂಗಳ ಯೋಜನೆ ಹೀಗಿರಲಿ. ಪಟ್ಟಿ ಕಟ್ಟಿಸಿಕೊಂಡ ಮೊದಲ ಕೆಲವು ದಿನ ಎಲ್ಲರೂ ಪರೀಕ್ಷೆಗೆ ಕುಳಿತಂತೆ ಕೂರುತ್ತಾರೆ, ಆದ್ದರಿಂದ ಪ್ರತಿಯೊಬ್ಬರ ಮೊದಲ ಮೂರು ದಾಖಲೆ ಎಸೆಯಿರಿ. ನಂತರದ ನಾಲ್ಕು ಕೂಟಗಳಿಂದ ಆರಂಭದ ಮಟ್ಟ ಮತ್ತು ಮಿತಿ. ಆಮೇಲೆ ಒಬ್ಬೊಬ್ಬರಿಗೆ ವಾರಕ್ಕೊಂದು ಸಲವಾದರೂ ಬಂದರೆ ಸಾಕು, ಮೂರು ಸಾಧನ ಐದು ದಿನಕ್ಕೆ ಹದಿನೈದು ದಾಖಲೆ, ನಿಮ್ಮ ಹದಿನಾಲ್ಕು ಮಂದಿಗೆ ಸರಿಹೋಗುತ್ತದೆ. ಆರಂಭದ ಏಳು ಕೂಟಗಳನ್ನು ವಾರಕ್ಕೊಂದರಂತೆ ಮಾಡಿದರೆ ಅದಕ್ಕೇ ಎರಡು ತಿಂಗಳು ಹೋಗುತ್ತದೆ. ಅದಕ್ಕಾಗಿ ಮೊದಲು ಆರು ಮಂದಿಯನ್ನಷ್ಟೇ ಆರಿಸಿ, ವಾರಕ್ಕೆ ಎರಡು ಸಲ ಕಟ್ಟಿಸುವುದು ಜಾಣತನ. ಪ್ರತಿ ಕೂಟಕ್ಕೆ ನಾಲ್ಕೇ ಅಂಕಿ ಬರೆಯಿರಿ: ಮಿಸುಕಾಟದ ಸಂಖ್ಯೆ, ಮಿಸುಕಿಲ್ಲದೆ ಕುಳಿತ ಅತಿ ದೀರ್ಘ ಹೊತ್ತು, ಎದೆಯ ಜಾರಿಕೆ, ತಲೆಯ ಜಾರಿಕೆ. ಜೊತೆಗೆ ಕೈಬರಹದ ಒಂದು ಸಾಲು: ಸೊಳ್ಳೆ ಇತ್ತೇ, ಕರೆಂಟು ಹೋಗಿ ಫ್ಯಾನ್ ನಿಂತಿತೇ, ಕೆಮ್ಮು ಇತ್ತೇ, ಯಾವ ಆಸನ. ಅಡಕೆ ಕೊಯ್ಲಿನ ದಿನಗಳಲ್ಲಿ ತೋಟದಲ್ಲಿ ದುಡಿದವರ ಬೆನ್ನು ಬೇರೆಯೇ ಮಾತಾಡುತ್ತದೆ, ಅದನ್ನೂ ಬರೆಯಿರಿ. ಹೋಲಿಕೆ ಅವರವರ ಹಿಂದಿನ ಅಂಕಿಯೊಂದಿಗೆ ಮಾತ್ರ. ಮಿತಿಯೂ ಮೈಕಟ್ಟೂ ಆಸನವೂ ಬೇರೆಯಾದ ಇಬ್ಬರ ಅಂಕಿಗಳನ್ನು ಅಕ್ಕಪಕ್ಕ ಇಡುವುದಕ್ಕೆ ಅರ್ಥವಿಲ್ಲ. ಗೋಡೆಗೆ ಪಟ್ಟಿ ಅಂಟಿಸಲೇಬೇಡಿ. ಕಡತಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡಿ. ಉಸಿರು, ಎದೆಬಡಿತ ಎಂದರೆ ಒಬ್ಬರ ಆರೋಗ್ಯದ ಗುಟ್ಟು.

ಧ್ಯಾನದ ನಡುವೆಯೇ ಅಲುಗಿದಾಗ ಸದ್ದು ಮಾಡುವ ಏರ್ಪಾಡು ಮಾಡಿಕೊಡಲು ನಿಮ್ಮ ಹುಡುಗ ಮುಂದಾದಾನು, ಅದು ಎರಡು ಸಾಲಿನ ಕೋಡ್. ಬೇಡ ಎನ್ನಿ. ಆ ಸದ್ದಿಗೆ ಕಾಯುತ್ತ ಕುಳಿತ ಮನಸ್ಸು ಇನ್ನೆಲ್ಲೂ ಇರುವುದಿಲ್ಲ.

ಕೊನೆಯದಾಗಿ ಕಾಲಿನ ವಿಚಾರ, ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕು. ಸೆನ್ಸರ್ ಇದೆ ಎಂದಾಗ ಜನ ಜೋಮು ಹಿಡಿದ ಕಾಲನ್ನು ಸಹಿಸಿ ಕೂರುತ್ತಾರೆ. ಮಂಡಿಯ ಹೊರಬದಿಯಲ್ಲಿ ಚರ್ಮದ ಕೆಳಗೇ ಹಾಯುವ ನರವೊಂದು ಕಾಲು ಮಡಚಿ ಕೂತಾಗ ಒತ್ತಿಗೆ ಸಿಗುತ್ತದೆ. ಬಹಳ ಹೊತ್ತು ಒತ್ತಿದರೆ ಎದ್ದ ಮೇಲೆ ಪಾದ ಎತ್ತಲಾಗದೆ ಎಡವುವಂತಾಗಬಹುದು. ಜೋಮು ಹತ್ತಿದರೆ ಕಾಲು ಬದಲಿಸಲು ಎಲ್ಲರಿಗೂ ಅನುಮತಿ ಇರಲಿ. ಸಾಧನದ ಪಕ್ಕದಲ್ಲಿ ಒಂದು ಒತ್ತುಗುಂಡಿ ಹಾಕಿಸಿ, ಬೇಕೆಂದೇ ಸರಿಯುವವರು ಅದನ್ನು ಒತ್ತಿ ಸರಿಯಲಿ. ಆ ಗುರುತಿನ ಮುಂದಿನ 10 ಸೆಕೆಂಡನ್ನು ಲೆಕ್ಕದಿಂದ ತೆಗೆದುಬಿಡಿ, ಅಲ್ಲಿಂದ ಜಾರಿಕೆಗೆ ಹೊಸ ಆರಂಭದ ಭಂಗಿ ಹಿಡಿಯಿರಿ. ಎದ್ದು ಹತ್ತು ನಿಮಿಷವಾದರೂ ಪಾದದ ಮರಗಟ್ಟುವಿಕೆ ಇಳಿಯದವರನ್ನು ಮರುದಿನದಿಂದ ಕುರ್ಚಿಯಲ್ಲಿ ಕೂರಿಸಿ, ಪಾದ ಎತ್ತಲು ಬಲವೇ ಸಾಲದಿದ್ದರೆ ಅಂದೇ ವೈದ್ಯರಲ್ಲಿಗೆ ಕಳಿಸಿ. ಕುರ್ಚಿಗೆ ಬದಲಾದವರಿಗೆ ಹಳೆಯ ಮಿತಿ ಹೊಂದುವುದಿಲ್ಲ, ಆರಂಭದ ನಾಲ್ಕು ಕೂಟ ಮತ್ತೆ ಅಳೆಯಬೇಕು.